ಎರಡನೆಯ ಸಲದ ಸೋಪು

ಅವರ ಎಡಗೈ ಹೆಬ್ಬೆರಳು ಅಗಲವಾಗಿತ್ತು. ದಿನವಿಡೀ ನೀರಿನಲ್ಲಿ ನೆನೆದು ಅದರ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಆ ಬೆರಳಿನಿಂದ ನನ್ನ ಮೂಗಿನ ತುದಿಯನ್ನು ಮೇಲಕ್ಕೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಅವರು ಮೀಸೆ ತಿದ್ದುತ್ತಿದ್ದರು. ಹದಿನೆಂಟು ವರ್ಷ, ವಾರಕ್ಕೆರಡು ಸಲ, ಆ ಹೆಬ್ಬೆರಳಿಗೆ ನನ್ನ ಮೂಗನ್ನು ಒಪ್ಪಿಸಿದ್ದೇನೆ. ನನ್ನ ಹೆಂಡತಿಯೂ ಅಷ್ಟು ಹತ್ತಿರದಿಂದ ನನ್ನ ಮೀಸೆ ನೋಡಿದವಳಲ್ಲ. ನೋಡಿದ್ದರೆ ನನ್ನ ಬಂಡವಾಳ ಎಂದೋ ಬಯಲಾಗುತ್ತಿತ್ತು.

ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಟಯರಿನವರ ಮತ್ತು ವೆಲ್ಡಿಂಗಿನವರ ನಡುವೆ ಸಿಕ್ಕಿಕೊಂಡಂತಿದ್ದ ಕಟಿಂಗ್ ಅಂಗಡಿ ಅವರದು. ಎರಡೇ ಕುರ್ಚಿ. ಬಾಗಿಲ ಕಡೆಯದು ಅವರ ಮಗನದು, ಒಳಗಿನದು ಅವರದು. ಮಗ ಮದುವೆಯಾಗಿ ಎರಡು ಮಕ್ಕಳ ತಂದೆಯಾದ ಮೇಲೂ ಹೊಸ ಗಿರಾಕಿ ಬಂದರೆ ಒಮ್ಮೆ ಅಪ್ಪನ ಮುಖ ನೋಡಿ, ಅಪ್ಪ ತಲೆಯಾಡಿಸಿದ ಮೇಲೇ ಕತ್ತರಿ ಎತ್ತಿಕೊಳ್ಳುತ್ತಿದ್ದ. ಪಕ್ಕದ ವೆಲ್ಡಿಂಗ್ ಅಂಗಡಿಯ ಗದ್ದಲದಲ್ಲಿ ಒಂದು ಕುರ್ಚಿಯ ಮಾತು ಇನ್ನೊಂದು ಕುರ್ಚಿಗೆ ಕೇಳುತ್ತಿರಲಿಲ್ಲ. ಅದಕ್ಕೇ ಇರಬೇಕು, ಆ ಕುರ್ಚಿಯಲ್ಲಿ ಕೂತವರೆಲ್ಲ ಮನೆಯ ಗುಟ್ಟನ್ನು ಧೈರ್ಯವಾಗಿ ಹೇಳಿಕೊಳ್ಳುತ್ತಿದ್ದರು. ಕಾಕಾ ಎಲ್ಲವನ್ನೂ ಕೇಳಿ, ಕೊನೆಗೆ ಟಾವೆಲ್ಲನ್ನು ಬಾಗಿಲ ಹೊರಗೆ ಜೋರಾಗಿ ಝಾಡಿಸುವರು.

"ಕೂದಲದ ಜೋಡಿ ಮಾತೂ ಹೋತು ನೋಡ್ರಿ. ಇಲ್ಲಿದು ಇಲ್ಲೇ," ಎನ್ನುವರು.

ಅವರ ಬಾಯಿಂದ ಒಬ್ಬರ ವಿಷಯ ಇನ್ನೊಬ್ಬರಿಗೆ ಹೋದದ್ದನ್ನು ನಾನು ಕಾಣಲಿಲ್ಲ. ಇನ್ನೊಂದು ಶಿಸ್ತೂ ಇತ್ತು. ಮೀಸೆ ತೆಗೆಯಿರಿ ಎಂದು ಯಾರಾದರೂ ಹೇಳಿದರೆ ಅವರು ರೇಜರ್ ಕೆಳಗಿಟ್ಟು, "ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?" ಎಂದು ಕೇಳಿಯೇ ಮುಂದುವರಿಯುತ್ತಿದ್ದರು. ನಮ್ಮ ಕಡೆ, ನಮ್ಮ ಮಂದಿಯಲ್ಲಿ, ಅಪ್ಪ ತೀರಿಕೊಂಡರೆ ಮಗ ತಲೆ ಬೋಳಿಸಿ ಮೀಸೆ ತೆಗೆಸುತ್ತಾನೆ. ಈಗಿನ ಹುಡುಗರ ಮಾತು ಬಿಡಿ, ಅವರು ದಿನಕ್ಕೊಂದು ಮುಖ ಮಾಡಿಕೊಂಡು ತಿರುಗುತ್ತಾರೆ. ಆದರೆ ಇಪ್ಪತ್ತು ವರ್ಷ ಮೀಸೆ ಹೊತ್ತವನು ಒಂದು ಬೆಳಿಗ್ಗೆ ಬೋಳು ತುಟಿಯಲ್ಲಿ ಹೊರಬಿದ್ದರೆ ಯಾರೂ ಏನೂ ಕೇಳುವುದಿಲ್ಲ, ಎಲ್ಲರಿಗೂ ತಿಳಿದುಬಿಡುತ್ತದೆ.

ನನ್ನದು ತಿಕೋಟಾದಲ್ಲಿ ಡ್ರಿಪ್ ಪೈಪಿನ ಅಂಗಡಿ. ದ್ರಾಕ್ಷಿ ತೋಟದವರೇ ನನ್ನ ಗಿರಾಕಿಗಳು. ಮನೆ ವಿಜಯಪುರದಲ್ಲಿ, ಹುಟ್ಟಿದ ಊರು ಬಬಲೇಶ್ವರ. ಅಲ್ಲಿ ಅಪ್ಪ ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ದಿನಕ್ಕೆ ಹನ್ನೆರಡು ಸಿಗರೇಟು ನನ್ನ ಲೆಕ್ಕ. ಒಂದು ಯುಗಾದಿಗೆ ಹೆಂಡತಿ ಬೇವು-ಬೆಲ್ಲ ಕೈಗಿಟ್ಟು ಆಣೆ ಹಾಕಿಸಿಕೊಂಡಳು. ನಾನು ಬಿಟ್ಟೆ ಎಂದೆ. ಮರುದಿನದಿಂದ ತಿಕೋಟಾದಲ್ಲಿ ಮಾತ್ರ ಸೇದಿ, ಸಂಜೆ ಕೈ ತೊಳೆದು, ಬಡೇಸೋಪು ಅಗಿಯುತ್ತ ಮನೆಗೆ ಬರತೊಡಗಿದೆ. ಮಹಾ ಬುದ್ಧಿವಂತ ನಾನು! ಹೆಂಡತಿ ನಂಬಿದಳೋ, ನಂಬಿದಂತೆ ಮಾಡಿದಳೋ, ಇಂದಿಗೂ ಕೇಳುವ ಧೈರ್ಯ ನನಗಿಲ್ಲ.

ಕಾಕಾನ ಹೆಬ್ಬೆರಳು ಮಾತ್ರ ನಂಬಲಿಲ್ಲ. ದಾಡಿಗೆ ಅವರು ಎಲ್ಲರಿಗೂ ಒಂದೇ ಸಲ ಸೋಪು ಹಚ್ಚುವವರು. ಯುಗಾದಿಯ ನಂತರ ನಾನು ಹೋಗಿ ಸಿಗರೇಟು ಬಿಟ್ಟೆ ಎಂದಾಗ ಅವರು ಮೂಗು ಎತ್ತಿ ಹಿಡಿದು ಮೀಸೆಯನ್ನು ಮೂಸಿದರು. ಆಮೇಲೆ ಬ್ರಷ್ಷನ್ನು ಮತ್ತೆ ಅದ್ದಿ ಮೀಸೆಗೆ ಎರಡನೆಯ ಸಲ ಸೋಪು ಹಚ್ಚಿ ತೊಳೆದರು. ಕನ್ನಡಿಯಲ್ಲಿ ಅವರ ಕಣ್ಣು ನನ್ನ ಕಣ್ಣನ್ನು ತಪ್ಪಿಸಿತು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಆ ಎರಡನೆಯ ಸಲದ ಸೋಪಿಗೆ ಏನನ್ನುವುದು?

ಹೀಗೆ ಎರಡು ವರ್ಷ ನಡೆಯಿತು. ಒಂದು ಭಾನುವಾರ ಅತ್ತೆ ಬಂದಿದ್ದರೆಂದು ಎಲ್ಲರೂ ಗೋಲಗುಮ್ಮಟಕ್ಕೆ ಹೋದೆವು. ಮೆಟ್ಟಿಲು ಹತ್ತುವಾಗ ಅರವತ್ತೈದು ದಾಟಿದ ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನನ್ನು ದಾಟಿ ಹೋದರು. ನಾನು ಕಿಂಡಿಯ ಪಕ್ಕ ಎರಡು ಸಲ ಕೂತು ಎದ್ದೆ. ಮೇಲಿನ ಗ್ಯಾಲರಿಯಲ್ಲಿ ಕಾಲಿಟ್ಟದ್ದೇ ಕೆಮ್ಮು ಬಂತು. ಅಲ್ಲಿ ಒಂದು ಸದ್ದು ಎಷ್ಟು ಸಲ ತಿರುಗಿ ಬರುತ್ತದೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ನನ್ನ ಒಂದು ಕೆಮ್ಮು ಆ ಗೋಡೆ ಈ ಗೋಡೆ ಬಡಿದು ಮತ್ತೆ ಮತ್ತೆ ಕೆಮ್ಮಿತು. ಎದುರು ಬದಿಯಲ್ಲಿದ್ದ ಶಾಲೆಯ ಹುಡುಗರು ನಕ್ಕರು, ಆ ನಗುವೂ ಅಷ್ಟೇ ಸಲ ತಿರುಗಿ ಬಂತು. ಮೂರನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ನಗಲಿಲ್ಲ. ನನ್ನ ಕೈ ಹಿಡಿದು, "ಪಪ್ಪಾ, ಹೋಗೂಣು ನಡಿ, ಇಲ್ಲಿ ಬ್ಯಾಡ," ಎಂದಳು. ನಾಚಿಕೆಯಾಯಿತು. ಅವಳ ಮುಖ ನೋಡಿ ಹೆದರಿಕೆಯೂ ಆಯಿತು.

ಅಂದು ಸಂಜೆ ನೇರ ಕಾಕಾನ ಕುರ್ಚಿಗೆ ಹೋಗಿ ಕೂತೆ. "ಕಾಕಾ, ಬಿಡಬೇಕಂತ ಮಾಡೀನಿ. ಖರೇನ ಬಿಡಬೇಕು," ಎಂದೆ.

ಅವರು ಕತ್ತರಿ ಕೆಳಗಿಟ್ಟರು. ತಮ್ಮ ವಿಷಯ ಎಂದೂ ಆಡದವರು ಅಂದು ಮೊದಲ ಸಲ ಆಡಿದರು.

"ನಾನೂ ಸೇದತಿದ್ದೆ ತಮ್ಮಾ. ಬೀಡಿ ಅಲ್ಲ, ಸಿಗರೇಟನ ಬೇಕಾಗಿತ್ತು ನನಗ. ಒಮ್ಮಿ ಅರಕೇರಿಯೊಳಗ ಒಂದ್ ಕೂಸಿನ ಜಾವಳ ಇತ್ತು, ಹುಟ್ಟಗೂದಲಾ ತಗಿಯೂದು. ಸೋದರಮಾವನ ತೊಡಿ ಮ್ಯಾಲ ಕುಂತಿತ್ತು ಕೂಸು. ಹಣಿ ಹಿಡದೆ, ಮಾರಿ ತಿರುವಿತು. ಮತ್ತ ಹಿಡದೆ, ವಾಂತಿ ಬಂದಂಗ ಮಾಡ್ತು. ಅವರ ಅಜ್ಜಿ ಅಂದ್ಲು, 'ಕೈ ತೊಳ್ಕೊಂಡು ಬಾರೋ ಯಪ್ಪಾ, ವಾಸನಿ ಬರಾಕತ್ತೈತಿ' ಅಂತ. ಮೂರು ಸಲ ತೊಳದೆ. ಕೂಸು ಒಪ್ಪಲಿಲ್ಲ. ಕಡೀಕ ನನ್ನ ತಮ್ಮನ್ನ ಕರಿಸಿದ್ರು." ತಮ್ಮ ಬೆರಳುಗಳನ್ನು ನನ್ನ ಮುಂದೆ ಚಾಚಿದರು. "ಆ ಊರಾಗಿನ ಅರ್ಧಾ ಮಂದಿ ತಲಿ ಮೊದಲ ಹಿಡದಿದ್ದು ಈ ಕೈ. ಆವತ್ತ ಈ ಕೈ ಬ್ಯಾಡಾತು ನೋಡು. ಅವತ್ತಿಗೆ ಬಿಟ್ಟೆ."

"ಹೆಂಗ ಬಿಟ್ರಿ ಕಾಕಾ?"

ಅವರು ತುರಟಿಯ ತುಂಡನ್ನು ತೋರಿಸಿದರು. ದಾಡಿಯಾದ ಮೇಲೆ ಗಾಯ ಕಟ್ಟಲೆಂದು ಮುಖಕ್ಕೆ ಉಜ್ಜುವ ಬಿಳಿ ಕಲ್ಲು. "ಚಟಾ ಎದ್ದಾಗೊಮ್ಮೆ ಇದನ್ನ ನಾಲಿಗಿಗೆ ಹಚ್ಚತಿದ್ದೆ. ಬಾಯಿ ಒಗರಾಗಿ ಹಿಂಡತೈತಿ. ಆಮ್ಯಾಲ ಸಿಗರೇಟ್ ಹಚ್ಚಿದ್ರೂ ರುಚಿ ಇರಂಗಿಲ್ಲ." ಆಮೇಲೆ ನನ್ನ ಮೂಗನ್ನು ಎತ್ತಿ ಹಿಡಿದು ಮೀಸೆಯನ್ನು ಒಬ್ಬ ವೈರಿಯನ್ನು ನೋಡುವಂತೆ ನೋಡಿದರು. "ಹೊಗಿ ವಾಸನಿ ಎಲ್ಲಾ ಇದರಾಗ ಕುಂತೈತಿ. ಮೂಗಿನ ಕೆಳಗ ಕುಂತು ಹಗಲೆಲ್ಲಾ ಕರೀತೈತಿ. ತಗದ ಒಗೀಲೇನು?"

"ತಗೀರಿ," ಎಂದೆ ನಾನು ಶೂರನಂತೆ.

ಅವರು ತೆಗೆದರು. ಇಬ್ಬರೂ ಅಷ್ಟು ಉತ್ಸಾಹದಲ್ಲಿದ್ದೆವು. ಎಲ್ಲರಿಗೂ ಕೇಳುವ ಆ ಒಂದು ಪ್ರಶ್ನೆಯನ್ನು ಅವರು ನನಗೆ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಮನೆಯಲ್ಲಿ ಹೆಂಡತಿ ನಕ್ಕಳು, ಮಗಳು ತುಟಿಯ ಮೇಲೆ ಬೆರಳಾಡಿಸಿ ನೋಡಿದಳು.

ಮರುದಿನ ಬಿಸಿಲಿಗೆಂದು ಟೊಪ್ಪಿಗೆ ಹಾಕಿಕೊಂಡು ತಿಕೋಟಾಕ್ಕೆ ಹೋದೆ. ಟೊಪ್ಪಿಗೆಯ ಕೆಳಗೆ ತಲೆಯೂ ಬೋಳಾಗಿದೆ ಎಂದು ನೋಡಿದವರು ತಿಳಿದರು. ಸದಾ ಚೌಕಾಸಿ ಮಾಡುವ ತೋಟದವರೊಬ್ಬರು ಬಂದು, ನನ್ನ ಮುಖ ನೋಡಿ, ಕೈ ಮುಗಿದು, ಏನೂ ಕೊಳ್ಳದೆ ಹೋದರು. ಎದುರಿನ ಚಹಾದವನು ಕೇಳದೆಯೇ ಚಹಾ ತಂದಿಟ್ಟು, "ಗಟ್ಟಿ ಆಗ್ರಿ," ಎಂದು ಹೆಗಲು ಮುಟ್ಟಿದ. ಆಹಾ, ಸಿಗರೇಟು ಬಿಡುವವನಿಗೆ ತಿಕೋಟಾದಲ್ಲಿ ಎಷ್ಟು ಬೆಂಬಲ ಎಂದು ನಾನು ಹಿಗ್ಗಿದೆ. ಹನ್ನೊಂದು ಗಂಟೆಗೆ ಬಬಲೇಶ್ವರದಿಂದ ತಮ್ಮನ ಫೋನು ಬಂತು.

"ಅಣ್ಣಾ, ಏನ್ ಮಾಡಿ ಕುಂತಿ? ಮನಿ ಮುಂದ ಮಂದಿ ಕೂಡ್ಯಾರ. ತಿಕೋಟಾದಿಂದ ಸುದ್ದಿ ಬಂದೈತಂತ. ಮಾವಾರು ಹೂವಿನ ಹಾರ ತಗೊಂಡು ಬಂದಾರ, ಅಪ್ಪಾ ಕಟ್ಟಿ ಮ್ಯಾಲ ಕುಂತಾನ!"

ಬೈಕ್ ಹಾರಿಸಿಕೊಂಡು ಹೋದೆ. ಅಪ್ಪ ಕಟ್ಟೆಯ ಮೇಲೆ ನೆಟ್ಟಗೆ ಕೂತು, ಬಂದವರಿಗೆಲ್ಲ ತಾವೇ ಉಪಚಾರ ಮಾಡುತ್ತಿದ್ದರು. "ಕುಂದರ್ರಿ, ಕುಂದರ್ರಿ. ಮಣ್ಣಿಗೆ ಇನ್ನಾ ತಡಾ ಐತಿ, ಚಹಾ ಕುಡದ ಹೋಗ್ರಿ." ಜನ ನಕ್ಕರು, ನಾನೂ ಹಲ್ಲು ಕಿರಿದೆ. ಮಂದಿ ಚದುರಿದ ಮೇಲೆ ಅಪ್ಪ ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು ಇರಲಿಲ್ಲ.

"ಯಾಕ ತಗಸಿದಿ?"

ಅಪ್ಪನ ಎದುರು ನಾನು ಎಂದೂ ಸೇದಿದವನಲ್ಲ, ಆ ಮಾತೇ ಎತ್ತಿದವನಲ್ಲ. ಬೇರೆ ಯಾವ ಸುಳ್ಳೂ ಬಾಯಿಗೆ ಬರಲಿಲ್ಲ. "ಸಿಗರೇಟ್ ಬಿಡಾಕ, ಅಪ್ಪಾ," ಎಂದೆ.

"ಸಿಗರೇಟ್ ಬಿಡಾಕ ನನ್ನ ಕೊಂದಿ," ಎಂದರು. ಎದ್ದು ಒಳಗೆ ಹೋದರು. ಅಂದು ಅವರು ಊಟ ಮಾಡಲಿಲ್ಲ. ಅಪಶಕುನವೆಂದು ಅವರ ಮನಸ್ಸಿಗೆ ಹತ್ತಿಬಿಟ್ಟಿತ್ತು. ನಾನು ಹೊರಗಿನ ಕೋಣೆಯಲ್ಲಿ ಬಿದ್ದುಕೊಂಡೆ. ಆ ದಿನ ಹತ್ತಿದಷ್ಟು ಚಟ ನನಗೆ ಜನ್ಮದಲ್ಲಿ ಹತ್ತಿರಲಿಲ್ಲ. ಪಾನ್ ಅಂಗಡಿ ಹತ್ತು ಹೆಜ್ಜೆಯಲ್ಲಿತ್ತು. ಆದರೆ ಈಗ ಸೇದಿದರೆ ಅಪ್ಪನಿಗೆ ಕೊಟ್ಟ ಆ ನೋವಿಗೆ ಅರ್ಥವೇ ಉಳಿಯುವುದಿಲ್ಲ ಎನಿಸಿ ಹಲ್ಲು ಕಚ್ಚಿ ಮಲಗಿದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಕಾಕಾ ಬಂದಿಳಿದರು. ನಾನು ಕರೆದಿರಲಿಲ್ಲ. ನನ್ನ ಹೆಂಡತಿಯಿಂದ ಸುದ್ದಿ ತಿಳಿದು, ಬಗಲಲ್ಲಿ ಕತ್ತರಿ-ರೇಜರುಗಳ ಹತ್ಯಾರದ ಚೀಲ ಇಟ್ಟುಕೊಂಡು ಬಂದಿದ್ದರು. ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೇ ನಿಂತರು.

"ಯಜಮಾನ್ರ, ತಪ್ಪು ನಂದೈತ್ರಿ. ಮನ್ಯಾಗ ಆರಾಮ ಅದಾರೇನು ಅಂತ ಕೇಳದ ಯಾರ ಮೀಸಿನೂ ಮುಟ್ಟಿದವ ಅಲ್ಲ ನಾನು. ಇವ ಬಿಡತೇನಿ ಅಂದ ನೋಡ್ರಿ, ಆ ಖುಷಿಯೊಳಗ ಮರತೆ. ಬೈಯೂದಿದ್ರ ನನಗ ಬೈರಿ. ಅವ ಬಿಡ್ಲಿ, ಅವನ್ನ ತಡೀಬ್ಯಾಡ್ರಿ."

ಅಪ್ಪ ಕಟ್ಟೆಯ ಮೇಲೆ ಸರಿದು ಜಾಗ ಮಾಡಿ, "ಬಂದೀರಿ, ನನ್ನ ದಾಡಿನಾದ್ರೂ ಮಾಡ್ರಿ. ಮೇಲ ಬರ್ರಿ," ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ನಾನು ಕೈಗನ್ನಡಿ ಹಿಡಿದು ಕೂತೆ. ಕಾಕಾ ಸೋಪು ಹಚ್ಚಿದರು, ಆ ಹೆಬ್ಬೆರಳಿನಿಂದ ಅಪ್ಪನ ಮೂಗನ್ನು ಮೇಲಕ್ಕೆತ್ತಿ, ಬಗ್ಗಿ ಮೂಸಿದರು. ಆಮೇಲೆ ಬ್ರಷ್ಷನ್ನು ಮತ್ತೆ ನೀರಿಗೆ ಅದ್ದಿ, ಅಪ್ಪನ ಬಿಳಿ ಮೀಸೆಗೆ ಎರಡನೆಯ ಸಲ ಸೋಪು ಹಚ್ಚಿದರು.

ಅಪ್ಪನೂ! ಎಪ್ಪತ್ತು ದಾಟಿದ ನನ್ನ ಅಪ್ಪ, ಮಕ್ಕಳಿಗೆ ಕಾಣದಂತೆ, ಎಲ್ಲೋ ಸೇದುತ್ತಿದ್ದರು! ನಾನು ಕಾಕಾನ ಮುಖ ನೋಡಿದೆ. ಅವರು ಯಾರನ್ನೂ ನೋಡದೆ ಮೀಸೆ ತಿದ್ದಿದರು, ಟಾವೆಲ್ ಝಾಡಿಸಿದರು, ಚಹಾ ಕುಡಿದರು. ಹೊರಡುವಾಗ ಚೀಲದಿಂದ ತುರಟಿಯ ತುಂಡು ತೆಗೆದು ರೇಜರಿನ ಹಿಡಿಯಿಂದ ಬಡಿದು ಎರಡು ಮಾಡಿದರು. ಒಂದನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ಕಟ್ಟೆಯ ಮೇಲೆ ಅಪ್ಪನ ಪಕ್ಕ ಮರೆತವರಂತೆ ಬಿಟ್ಟು ಹೋದರು. ಮೂರು ವಾರದ ಮೇಲೆ ತಮ್ಮ ಫೋನಿನಲ್ಲಿ ಹೇಳಿದ: "ಅಪ್ಪಾ ದನದ ಕೊಟ್ಟಿಗ್ಯಾಗ ಬೀಡಿ ಮುಚ್ಚಿಡತಿದ್ದ ಡಬ್ಬಿ ಖಾಲಿ ಬಿದ್ದೈತಿ. ಒಂದ್ ಬಿಳಿ ಕಲ್ಲ ಚೀಪತಾನ, ಏನ್ ಔಷಧನೋ ಯಾರಿಗೆ ಗೊತ್ತು."

ನಾನು ಒಂದೇ ಏಟಿಗೆ ಗೆದ್ದೆ ಎಂದರೆ ಸುಳ್ಳಾದೀತು. ನಾಲ್ಕನೆಯ ತಿಂಗಳು ಗಾಂಧಿ ಚೌಕದಲ್ಲಿ ಒಬ್ಬನೊಡನೆ ಜಗಳವಾಡಿ, ಒಂದು ಸಿಗರೇಟು ಕೊಂಡು ಅರ್ಧ ಸೇದಿದೆ. ಮರುದಿನ ಕುರ್ಚಿಯಲ್ಲಿ ಕೂತೊಡನೆ ನಾನೇ ಹೇಳಿಬಿಟ್ಟೆ. ಕಾಕಾ ಎರಡನೆಯ ಸಲ ಸೋಪು ಹಚ್ಚಿ, "ಅರ್ಧಾ ಸೇದಿದಿ, ಅರ್ಧಾ ಒಗದಿ. ಒಗದಿದ್ದ ನೆನಪ ಇಟಗೋ," ಎಂದರು. ಅಷ್ಟೇ. ಅದಾದ ಮೇಲೆ ಆ ಎರಡನೆಯ ಸೋಪು ನನಗೆ ಬೇಕಾಗಲಿಲ್ಲ. ಐದು ವರ್ಷವಾಯಿತು.

ಕಳೆದ ಚಳಿಗಾಲದಲ್ಲಿ ಕಾಕಾನಿಗೆ ಉಸಿರಿನ ತೊಂದರೆ ಹೆಚ್ಚಾಯಿತು. ನೋಡಲು ಹೋದಾಗ ದಿಂಬಿಗೆ ಒರಗಿ, ಮಾತಿಗೊಮ್ಮೆ ನಿಲ್ಲುತ್ತ ಹೇಳಿದರು: "ನಾ ಬಿಟ್ಟೆ ತಮ್ಮಾ, ಅದು ನನ್ನ ಪೂರಾ ಬಿಡಲಿಲ್ಲ. ನೀ ಲಗೂ ಬಿಟ್ಟಿ, ಭಾಳ ಛಲೋ ಆತು." ನನ್ನ ಮೂಗಿನ ಕಡೆ ಕೈ ಎತ್ತಿದರು. ಬಗ್ಗಿ ಮುಖ ಕೊಟ್ಟೆ. ಆ ಹೆಬ್ಬೆರಳು ಒಣಗಿತ್ತು. ಅದು ಅಷ್ಟು ಒಣಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ವಾರದಲ್ಲಿ ಅವರು ಹೋದರು.

ನಾನು ಬಬಲೇಶ್ವರಕ್ಕೆ ಹೋಗಿ ಅಪ್ಪನ ಎದುರು ನಿಂತೆ. ಮತ್ತೆ ಬೆಳೆದಿದ್ದ ಮೀಸೆಯನ್ನು ಕಾಕಾನಿಗಾಗಿ ತೆಗೆಸಬೇಕಿತ್ತು, ಹೇಗೆ ಕೇಳುವುದೆಂದು ತಿಳಿಯಲಿಲ್ಲ. ಅಪ್ಪನೇ, "ಈ ಸಲ ಕೇಳಾಕ ಬಂದೀಯಲ್ಲ, ಅಷ್ಟ ಸಾಕು. ಹೋಗು, ತಗಸು," ಎಂದರು. ಅವರ ಕಣ್ಣು ತುಂಬಿತ್ತು.

ದಿನಕರ್ಮ ಮುಗಿದು ಅಂಗಡಿ ತೆರೆದಾಗ ಹೋದೆ. ಕಾಕಾನ ಮಗನ ತಲೆಯೂ ತುಟಿಯೂ ಬೋಳಾಗಿದ್ದವು. ತನ್ನಪ್ಪನ ಕುರ್ಚಿಯನ್ನು ಒರೆಸಿ ನನ್ನನ್ನು ಅದರಲ್ಲೇ ಕೂಡಿಸಿದ. ಮೀಸೆ ತೆಗೆ ಎಂದೆ. ಅವನು ರೇಜರ್ ಕೆಳಗಿಟ್ಟ. ಅಪ್ಪ ಕಲಿಸಿದ ಮಾತು ತಾನಾಗಿ ಅವನ ಬಾಯಿಗೆ ಬಂತು.

"ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?"

"ನಮ್ಮಪ್ಪ ಆರಾಮ ಅದಾನ," ಎಂದೆ. ಕನ್ನಡಿಯಲ್ಲಿ ಅವನನ್ನು ನೋಡಿದೆ. ಅವನಿಗೆ ತಿಳಿಯಿತು. ತಲೆ ತಗ್ಗಿಸಿ, ತೋಳಿನಿಂದ ಕಣ್ಣೊರೆಸಿಕೊಂಡು, ಎಡಗೈ ಹೆಬ್ಬೆರಳಿನಿಂದ ನನ್ನ ಮೂಗನ್ನು ಮೇಲಕ್ಕೆತ್ತಿ ಹಿಡಿದು ಬಗ್ಗಿ ಮೂಸಿದ. ಆಮೇಲೆ ಸೋಪು ಹಚ್ಚಿದ, ಒಂದೇ ಸಲ.