ಜೈನಾಪುರದ ಒಡ್ಡಿನ ಮೇಲಿದ್ದ ಅಕ್ಕ

ನಾನು ಸಂಘಕ್ಕೆ ಸೇರಿದ್ದು ಗಂಡ ತೀರಿಕೊಂಡ ಮರುವರ್ಷ. ವಾರದ ಆರು ದಿನ ವಿಮಾ ಕಚೇರಿಯ ಕಾಗದಗಳ ನಡುವೆ ಹೇಗೋ ಕಳೆದುಹೋಗುತ್ತಿದ್ದವು. ರವಿವಾರ ಮಾತ್ರ ಕಳೆಯುತ್ತಿರಲಿಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಲ್ಲಿಂದ ಎರಡು ಓಣಿ ದಾಟಿದರೆ ಹಳೆಯ ಮನೆಯೊಂದರ ಮಾಳಿಗೆಯಲ್ಲಿ ಸಂಘದ ಕೋಣೆಯಿತ್ತು. ಜಿಲ್ಲೆಯ ಹೊಲ, ಹಳ್ಳ, ಗುಡಿಗಳಲ್ಲಿ ಬಿದ್ದಿರುವ ಶಾಸನ, ವೀರಗಲ್ಲು, ಹಳೆಯ ಬಾವಿಗಳನ್ನು ಹುಡುಕಿ, ಅಳೆದು, ಬರೆದಿಡುವ ಹವ್ಯಾಸಿಗಳ ಸಂಘ ಅದು. ಪಂಡಿತರು ನಮ್ಮಲ್ಲಿ ಕಡಿಮೆ. ನಿವೃತ್ತ ಮಾಸ್ತರರು, ಔಷಧದ ಅಂಗಡಿಯವರು, ಒಬ್ಬ ಬಸ್ ಕಂಡಕ್ಟರು, ಕೊನೆಗೆ ನಾನು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಎರಡನೆಯ ವರ್ಷವೇ ನನ್ನನ್ನು ಕಾರ್ಯದರ್ಶಿ ಮಾಡಿದರು.

ತಿಕೋಟಾದಲ್ಲಿ ಒಂದು ಶಾಖೆ, ಬಬಲೇಶ್ವರದಲ್ಲಿ ಒಂದು. ತಿಕೋಟಾ ಶಾಖೆಯನ್ನು ನಡೆಸುತ್ತಿದ್ದವರು ಮಣೂಕದ ವ್ಯಾಪಾರಿ. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಅನ್ನುತ್ತಾರೆ. ಅವರ ಶೆಡ್ಡಿನಲ್ಲೇ ಸಭೆ ಕೂಡುತ್ತಿತ್ತು. ಪೆಟ್ಟಿಗೆಗಳ ಮೇಲೆ ಕೂತು ನಾವು ಶಾಸನದ ಅಚ್ಚುಗಳನ್ನು ಹರವಿಕೊಂಡರೆ, ಅವರು ಪಕ್ಕದಲ್ಲಿ ಒಂದು ತಟ್ಟೆ ಮಣೂಕ ಇಟ್ಟು, ‘ಕೈ ತೊಳಕೊಂಡು ಅಕ್ಷರ ಮುಟ್ರಿ, ಅಂಟ ಹತ್ತತೈತಿ’ ಎನ್ನುತ್ತಿದ್ದರು. ಶಾಲೆ ಹೆಚ್ಚು ಕಲಿತವರಲ್ಲ. ಆದರೆ ಕಲ್ಲನ್ನು ಎತ್ತುವುದು, ಇಳಿಸುವುದು, ನಿಲ್ಲಿಸುವುದು ಅವರಷ್ಟು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಎಲ್ಲ ತಿರುಗಾಟಕ್ಕೂ ಅವರದೇ ಟೆಂಪೊ.

ಬಬಲೇಶ್ವರ ಶಾಖೆಯನ್ನು ನೋಡಿಕೊಳ್ಳುತ್ತಿದ್ದವನು ಜೈನಾಪುರದ ಒಬ್ಬ ರೈತ. ಒಂದು ಸಭೆಯಲ್ಲಿ, ಎಲ್ಲರೂ ಚಹಾ ಕುಡಿದು ಏಳುವ ಹೊತ್ತಿಗೆ, ಅವನು ಸಂಕೋಚದಿಂದ ಹೇಳಿದ: ‘ನಮ್ಮ ಹೊಲದ ಒಡ್ಡಿನ ಮ್ಯಾಗ ಒಂದ ಕಲ್ಲ ಐತ್ರಿ. ನಮ್ಮವ್ವ ಅದಕ್ಕ ಅಕ್ಕ ಅಂತಾಳ. ಬುಡದಾಗ ಏನೋ ಬರದಾಂಗ ಕಾಣತೈತಿ.’

ಮುಂದಿನ ರವಿವಾರ ಹೋದೆವು. ಅದು ಮಾಸ್ತಿಗಲ್ಲು. ಗಂಡನ ಚಿತೆಯೊಡನೆ ಉರಿದುಹೋದ ಹೆಣ್ಣಿಗಾಗಿ ನಿಲ್ಲಿಸಿದ ಕಲ್ಲು. ಎದೆಯೆತ್ತರದ ಒಂದು ಕಂಬ, ಆ ಕಂಬದಿಂದ ಹೊರಗೆ ಬಂದು ಮೇಲಕ್ಕೆ ಮಡಿಚಿದ ಒಂದು ತೋಳು, ತೋಳಿನ ತುಂಬ ಕೆತ್ತಿದ ಬಳೆಗಳು. ಕೆಳಗೆ ಮೂರು ಸಾಲು ಅಕ್ಷರ, ಎಣ್ಣೆಯ ಜಿಡ್ಡಿನಲ್ಲಿ ಮುಚ್ಚಿಹೋಗಿತ್ತು. ರೈತನ ತಾಯಿ ಕಲ್ಲಿನ ಪಕ್ಕದಲ್ಲೇ ಕೂತಿದ್ದಳು. ನಾನು ಅವಳನ್ನು ಆಯಿ ಎಂದೇ ಕರೆದೆ. ಎಂಬತ್ತರ ಹತ್ತಿರದ ಮುದುಕಿ, ಬೆನ್ನು ಬಾಗಿರಲಿಲ್ಲ.

‘ನಿಮಗ ಈ ಕಲ್ಲ ಹೆಂಗ ಗೊತ್ತರಿ ಆಯಿ?’ ಎಂದು ಕೇಳಿದೆ.

‘ಹನ್ನೊಂದ ವರ್ಷಕ್ಕ ಮದವಿ ಆಗಿ ಈ ಮನಿಗೆ ಬಂದೆ ತಂಗಿ. ತವರಿನ ನೆನಪಾಗಿ ಅತಗೋತ ಇಲ್ಲಿ ಬಂದು ಕುಂಡ್ರತಿದ್ದೆ. ನಮ್ಮತ್ತಿ ಒಂದಿನ ನೋಡಿ, ಈಕಿ ನಿನಗ ಅಕ್ಕ ಆಗಬೇಕ, ಈಕಿ ಮುಂದ ಏನರ ಹೇಳು, ಯಾರಿಗೂ ಹೇಳೂದಿಲ್ಲ ಅಂದಳು. ಅವತ್ತಿನಿಂದ ಹೇಳಾಕತ್ತೇನಿ. ಇನ್ನೂ ಮುಗದಿಲ್ಲ.’

ಅವಳು ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ಕಂಬದ ನಡುಭಾಗಕ್ಕೆ ತಿಕ್ಕತೊಡಗಿದಳು. ‘ಆಕಿಗೆ ನಡದಾಗ ನೋವೈತಿ. ಇಲ್ಲಿ ಮೆಲ್ಲಕ ಮುಟ್ಟಬೇಕ’ ಎಂದಳು. ನಾನು ಆ ಮಾತನ್ನು ‘ಜನಪದ ನಂಬಿಕೆ’ ಎಂಬ ತಲೆಬರಹದ ಕೆಳಗೆ ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಆಮೇಲೆ ನಾನು ಸಂಘದ ಕೆಲಸವಿಲ್ಲದಿದ್ದರೂ ಜೈನಾಪುರಕ್ಕೆ ಹೋಗತೊಡಗಿದೆ. ಎಳ್ಳ ಅಮಾಸಿಯ ದಿನ ಅವರ ಹೊಲದಲ್ಲಿ ಊಟಕ್ಕೆ ಕರೆದಿದ್ದರು. ಊಟಕ್ಕೆ ಮೊದಲು ಆಯಿ ಕಲ್ಲಿಗೆ ಹಸಿರು ಬಳೆ ಕಟ್ಟುತ್ತಿದ್ದಳು. ತೋಳು ಕಲ್ಲಿಗೇ ಅಂಟಿಕೊಂಡಿದ್ದರಿಂದ ಬಳೆ ತೊಡಿಸಲು ಬರುತ್ತಿರಲಿಲ್ಲ. ನೂಲಿನಲ್ಲಿ ಪೋಣಿಸಿ ಕಂಬಕ್ಕೆ ಸುತ್ತುತ್ತಿದ್ದಳು. ಬಳೆಗಳನ್ನು ನನ್ನ ಕೈಗೆ ಕೊಟ್ಟು, ‘ನೀ ಕಟ್ಟ ತಂಗಿ’ ಅಂದಳು. ನಾನು ಹಿಂದೆ ಸರಿದೆ. ಗಂಡ ಹೋದ ಮೇಲೆ ಬಳೆ, ಕುಂಕುಮದ ತಟ್ಟೆ ಬಂದಲ್ಲೆಲ್ಲ ನನ್ನ ಕಾಲುಗಳು ತಾವಾಗಿ ಹಿಂದೆ ಸರಿಯುತ್ತಿದ್ದವು.

‘ನನಗೂ ಗಂಡ ಇಲ್ಲ, ನಿನಗೂ ಇಲ್ಲ’ ಎಂದಳು ಆಯಿ. ‘ಈಕಿ ಗಂಡನ ಹಿಂದ ಹ್ವಾದಳು, ನಾವು ಉಳದೀವಿ. ಉಳದವರ ಕೈಲೆ ಬಳಿ ಇಟಗೊಳ್ಳಾಕ ಈಕಿಗೆ ಏನೂ ಬ್ಯಾಸರ ಇಲ್ಲ. ಕಟ್ಟ.’

ನಾನು ಕಟ್ಟಿದೆ. ನನ್ನ ಸ್ವಂತ ಅಕ್ಕತಂಗಿಯರು ಯಾರೂ ನನ್ನನ್ನು ಹಾಗೆ ಹತ್ತಿರ ಕರೆದಿರಲಿಲ್ಲ.

ಅದೇ ದಿನ ಅವಳು ಕೇಳಿದಳು: ‘ಈಕಿ ಹೆಸರೇನ ತಂಗಿ? ಇಷ್ಟ ವರ್ಷ ಅಕ್ಕ ಅಂದೆ. ಹೆಸರ ಹಿಡದ ಒಮ್ಮೆ ಕರೀಬೇಕಂತ ಆಸೆ ಐತಿ.’

ಜಿಡ್ಡು ತೊಳೆದು, ಇಡೀ ಕಲ್ಲಿಗೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಹಾಕಿ ಅಚ್ಚು ತೆಗೆದೆವು. ಮೂರನೆಯ ಸಾಲಿನಲ್ಲಿ ‘ಮಗಳು’ ಎಂಬುದು ಸ್ಪಷ್ಟವಿತ್ತು. ಅದರ ಮುಂದಿನ ನಾಲ್ಕು ಅಕ್ಷರ ಹೆಸರೇ ಇರಬೇಕು. ಆದರೆ ಸವೆದಿದ್ದವು. ನಾಲ್ಕು ಸಲ ಅಚ್ಚು ತೆಗೆದರೂ ಮೂಡಲಿಲ್ಲ. ಕತ್ತಲ ಕೋಣೆಯಲ್ಲಿಟ್ಟು ಪಕ್ಕದಿಂದ ದೀಪ ಹಿಡಿದರೆ ಅಂಥ ಅಕ್ಷರ ಓದಲು ಬರುತ್ತದೆಂದು ನನಗೆ ಗೊತ್ತಿತ್ತು. ಹೊಲದಲ್ಲಿ ಅದು ಆಗದ ಮಾತು.

ಅಷ್ಟರಲ್ಲಿ ಕಾಲುವೆ ಬಂತು. ನೀರು ಬರುವುದೆಂದು ಊರಿಗೆ ಊರೇ ಸಂತೋಷದಲ್ಲಿತ್ತು, ಆಯಿಯ ಮಗನೂ ಕೂಡ. ಕಾಲುವೆಯ ಗುರುತು ಆ ಒಡ್ಡಿನ ಮೇಲೇ ಹಾಯ್ದಿತ್ತು, ಕಲ್ಲು ಸರಿಯಲೇಬೇಕಿತ್ತು. ಆಯಿಯ ಆಸೆ ಸಣ್ಣದು. ಹೊಲದ ಆಚೆ ತುದಿಗೆ, ಬೇವಿನ ಗಿಡದ ಬುಡಕ್ಕೆ, ನಾಲ್ಕು ಮಂದಿ ಹಗ್ಗ ಹಾಕಿ ಜಾರಿಸಿಕೊಂಡು ಹೋಗಿ ನಿಲ್ಲಿಸಿದರೆ ಸಾಕು ಎಂದಳು. ನಾನು ಬೇಡವೆಂದೆ. ವಿಜಯಪುರದ ಕೋಣೆಗೆ ಒಯ್ಯೋಣ, ಅಲ್ಲಿ ಮಳೆ ಬಿಸಿಲು ಇಲ್ಲ, ಅಲ್ಲಿ ಹೆಸರು ಓದುತ್ತೇನೆ ಎಂದೆ. ‘ಹೆಸರ ಗೊತ್ತಾದ ದಿನ ನಾನ ಬಂದು ನಿಮ್ಮನ್ನ ಕರಕೊಂಡ ಹೋಗ್ತೀನ್ರಿ ಆಯಿ’ ಎಂದು ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅವಳಿಗಾಗಿಯೇ ಹೇಳುತ್ತಿದ್ದೇನೆ ಎಂದು ನಂಬಿದ್ದೆ. ಈಗ ಯೋಚಿಸಿದರೆ, ಆ ಹೆಸರನ್ನು ಮೊದಲು ಓದಿದವಳು ನಾನಾಗಬೇಕು ಎಂಬುದೂ ಅದರೊಳಗಿತ್ತು.

ಆಯಿ ಕಲ್ಲಿನ ಕಡೆ ತಿರುಗಿ, ‘ಹೆಸರ ಸಿಗತೈತಿ ಅಂದ್ರ ಒಯ್ಯಿ’ ಎಂದಳು.

ನಾನು ಒಂದು ದಿನದ ರಜೆ ಹಾಕಿ ಹೋದೆ. ಕಾಲುವೆ ಕೆಲಸದ ಜೆಸಿಬಿ ಅರ್ಧ ತಾಸು ಬಿಡುವು ಮಾಡಿಕೊಂಡು ಬಂದಿತ್ತು. ಎತ್ತಲು ಅದರ ಜೊತೆಗಿದ್ದದ್ದು ಕಬ್ಬಿಣದ ಸರಪಳಿ. ತಿಕೋಟಾದ ವ್ಯಾಪಾರಿ ಟೆಂಪೊದಲ್ಲಿ ಹುಲ್ಲು ಹಾಸಿಕೊಂಡು ಬಂದಿದ್ದರು. ಸರಪಳಿ ನೋಡಿದವರೇ ತಲೆ ಅಲ್ಲಾಡಿಸಿದರು.

‘ಇದು ಬ್ಯಾಡ್ರಿ. ಅಗಲ ಕ್ಯಾನ್ವಾಸ್ ಪಟ್ಟಾ ಬೇಕ ಇದಕ್ಕ. ನಮ್ಮ ಶೆಡ್ಡಿನ್ಯಾಗ ಐತಿ, ನಾಳೆ ತರತೀನಿ. ಒಂದ ದಿನದಾಗ ಏನಾಗತೈತಿ?’

‘ನಾಳೆ ನನಗ ರಜಾ ಇಲ್ರಿ’ ಎಂದೆ. ‘ಜೆಸಿಬಿನೂ ನಾಳೆ ಸಿಗೂದಿಲ್ಲ. ಗೋಣಿಚೀಲ ಸುತ್ತಿ ಎತ್ತಿದ್ರ ಆತು.’

ಅವರು ನನ್ನ ಮುಖ ನೋಡಿದರು. ನಾನು ಕಾರ್ಯದರ್ಶಿ. ಅವರೇ ಬಗ್ಗಿ ಗೋಣಿಚೀಲ ಸುತ್ತಿದರು, ಸರಪಳಿ ಬಿಗಿದರು. ಆಯಿ ಕುಂಕುಮ ಹಚ್ಚಿ, ಕಲ್ಲಿನ ತೋಳನ್ನು ಒಮ್ಮೆ ಹಿಡಿದು ಬಿಟ್ಟಳು. ‘ನಡಾ ನೋಡಕೊಂಡ ಎತ್ರಿ’ ಎಂದಳು. ಯಂತ್ರದ ಸದ್ದಿನಲ್ಲಿ ಅದು ನನ್ನೊಬ್ಬಳಿಗೇ ಕೇಳಿಸಿತು. ನಾನು ಯಾರಿಗೂ ದಾಟಿಸಲಿಲ್ಲ.

ಕಲ್ಲು ನೆಲ ಬಿಟ್ಟು ಮೇಲೆ ಬಂತು. ಒಂದು ಗೇಣು, ಎರಡು ಗೇಣು. ಗೋಣಿಚೀಲ ಜಾರಿತು. ಸರಪಳಿ ಒಮ್ಮೆಲೇ ಕೆಳಗೆ ಸರಿದು ಅಕ್ಷರಗಳ ಮೇಲೆ ಉಜ್ಜಿಕೊಂಡು ಹೋಯಿತು. ಅದೇ ಕ್ಷಣದಲ್ಲಿ ಕಂಬ ನಡುವಿಗೆ ಸರಿಯಾಗಿ ಎರಡಾಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಮೇಲಿನ ಅರ್ಧ ಪಕ್ಕಕ್ಕೆ ಉರುಳಿ ಬಿತ್ತು, ತೋಳು ಮೊಣಕೈಯ ಹತ್ತಿರ ಮುರಿಯಿತು. ಮೂರನೆಯ ಸಾಲಿದ್ದ ಜಾಗದಲ್ಲಿ ಹೊಸದಾಗಿ ಒಡೆದ ಕಲ್ಲಿನ ನೀಲಿಗಪ್ಪು ಬಣ್ಣ ಕಾಣುತ್ತಿತ್ತು. ಅಕ್ಷರಗಳು ಚಕ್ಕೆಯಾಗಿ ಮಣ್ಣಿನಲ್ಲಿ ಬಿದ್ದಿದ್ದವು.

ಜೆಸಿಬಿಯವನು ಯಂತ್ರ ನಿಲ್ಲಿಸಿದ. ಆಯಿ ನೆಲಕ್ಕೆ ಕೂತು ಚಕ್ಕೆಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದಳು. ನಾನು ಹೋಗಿ ಅವಳ ಪಕ್ಕ ಕೂತು ಆರಿಸಲು ಕೈ ಹಾಕಿದೆ.

‘ಬ್ಯಾಡ್ರಿ ಬಾಯಾರ’ ಎಂದಳು. ‘ನಾ ಆರಸ್ತೀನಿ. ನೀವು ಏಳ್ರಿ, ಸೀರಿ ಮಣ್ಣಾಗತೈತಿ.’

ಅಲ್ಲಿಯವರೆಗೆ ನಾನು ಅವಳಿಗೆ ತಂಗಿಯಾಗಿದ್ದೆ. ಬಾಯಾರ ಎನ್ನುವುದು ಶಾಲೆಯ ಟೀಚರಿಗೆ, ಕಚೇರಿಯ ಹೆಂಗಸಿಗೆ ಅನ್ನುವ ಮಾತು. ಮರ್ಯಾದೆಯ ಮಾತು. ನನಗೆ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಎರಡೂ ತುಂಡುಗಳನ್ನು ಒಯ್ಯಲು ಅವಳು ಬಿಡಲಿಲ್ಲ. ಮಗ ಮತ್ತು ವ್ಯಾಪಾರಿ ಸೇರಿ ಬೇವಿನ ಗಿಡದ ಬುಡಕ್ಕೆ ಸಾಗಿಸಿದರು. ಟೆಂಪೊದ ಹುಲ್ಲು ಹಾಗೇ ಇತ್ತು.

ಮನೆಗೆ ಬಂದು ಹಳೆಯ ಅಚ್ಚುಗಳನ್ನು ಬಿಚ್ಚಿದೆ. ಕಂಬದ ನಡುವೆ ಅಡ್ಡಲಾಗಿ ಕೂದಲಿನಷ್ಟು ತೆಳ್ಳಗೆ ಒಂದು ಬಿಳಿ ಗೆರೆಯಿತ್ತು, ನಾಲ್ಕೂ ಅಚ್ಚಿನಲ್ಲಿ, ಒಂದೇ ಜಾಗದಲ್ಲಿ. ಕಾಗದ ಮಡಿಚಿಕೊಂಡದ್ದೆಂದು ನಾನು ತಿಳಿದಿದ್ದೆ. ಅದು ಬಿರುಕು. ಅರವತ್ತೆಪ್ಪತ್ತು ವರ್ಷ ಅಂಗೈಯಿಂದ ಎಣ್ಣೆ ತಿಕ್ಕಿದವಳಿಗೆ ಅದು ಗೊತ್ತಿತ್ತು. ಅವಳು ಹೇಳಿಯೂ ಇದ್ದಳು, ಎರಡು ಸಲ.

ತಿಂಗಳ ಸಭೆ ತಿಕೋಟಾದ ಶೆಡ್ಡಿನಲ್ಲಿ ಕೂಡಿತು. ಸಂಘದ ಅಧ್ಯಕ್ಷರು ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ವ್ಯಾಪಾರಿ ಎದ್ದು ನಿಂತರು. ‘ತಪ್ಪ ನಂದ್ರಿ. ಸರಪಳಿ ಬಿಗದಾವ ನಾನು. ಸರಿ ಅನಸಲಿಲ್ಲಂದ್ರ ನಿಂದ್ರಸಬೇಕಿತ್ತು, ನಿಂದ್ರಸಲಿಲ್ಲ’ ಎಂದರು. ಎಲ್ಲರೂ ಅವರ ಕಡೆ ನೋಡಿದರು. ನಾನು ನಡಾವಳಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವರು ಹೇಳಿದ್ದನ್ನು ಹಾಗೆಯೇ, ನನ್ನ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡೆ. ಬೇರೇನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಇವತ್ತಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ. ಅಂಜಿಕೆ ಅಂದರೆ ಅಂಜಿಕೆ. ಸಂಘವೊಂದೇ ನನಗೆ ಉಳಿದಿದ್ದ ಜಾಗ. ಅಲ್ಲಿಂದಲೂ ಹೊರಗೆ ಬಿದ್ದರೆ ರವಿವಾರ ಎಲ್ಲಿಗೆ ಹೋಗಲಿ ಅನಿಸಿತು.

ಅವರು ಮುಂದಿನ ಸಭೆಗೆ ಬರಲಿಲ್ಲ. ಶೆಡ್ಡಿನ ಬಾಗಿಲು ತೆರೆಸಿ, ಮಣೂಕದ ತಟ್ಟೆ ಕಳಿಸಿ, ತಾವು ಮಾತ್ರ ಬರಲಿಲ್ಲ. ಅದರ ಮುಂದಿನ ತಿಂಗಳು ತಿಕೋಟಾದಲ್ಲಿ ಸಭೆಯೇ ಆಗಲಿಲ್ಲ. ಬಬಲೇಶ್ವರದವರೂ ಒಬ್ಬೊಬ್ಬರಾಗಿ ಬಿಟ್ಟರು. ಯಾರ ಹೊಲದಲ್ಲಿ ಏನು ಸಿಕ್ಕರೂ ನಮಗೆ ಹೇಳುವುದು ನಿಂತುಹೋಯಿತು. ತಪ್ಪಲ್ಲ ಅವರದು.

ವರ್ಷದ ಕೊನೆಗೆ ಸಂಘದ ವಾರ್ಷಿಕ ಪುಸ್ತಕಕ್ಕೆ ಜೈನಾಪುರದ ಕಲ್ಲಿನ ವಿವರ ಬರೆಯಬೇಕಾಯಿತು. ‘ಈಗಿನ ಸ್ಥಿತಿ’ ಎಂಬಲ್ಲಿ ‘ಶಿಥಿಲ’ ಎಂದು ಬರೆಯಿರಿ, ಸಾಕು ಎಂದರು ಅಧ್ಯಕ್ಷರು. ನಾನು ಹೀಗೆ ಬರೆದೆ: ‘ಸ್ಥಳಾಂತರಿಸುವಾಗ ಒಡೆದಿದೆ. ಪಟ್ಟಾ ತರುವವರೆಗೆ ಕಾಯಬೇಕೆಂದು ತಿಕೋಟಾ ಶಾಖೆಯವರು ಹೇಳಿದ್ದರು. ಕಾಯದೆ ಎತ್ತಿಸಿದವಳು ಕಾರ್ಯದರ್ಶಿ. ಹೆಸರಿದ್ದ ಸಾಲು ನಾಶವಾಗಿದೆ.’ ಅಧ್ಯಕ್ಷರು ಓದಿ, ಕನ್ನಡಕ ತೆಗೆದು, ಹಾಳೆಯನ್ನು ಅಚ್ಚಿಗೆ ಹೋಗುವ ಕಟ್ಟಿನಲ್ಲಿ ಸೇರಿಸಿದರು. ಹಾಗೆಯೇ ಅಚ್ಚಾಯಿತು. ನಾನು ಕಾರ್ಯದರ್ಶಿ ಕೆಲಸ ಬಿಟ್ಟೆ.

ಒಂದು ಪ್ರತಿ ಹಿಡಿದು ತಿಕೋಟಾಕ್ಕೆ ಹೋದೆ. ವ್ಯಾಪಾರಿ ನಿಂತೇ ಓದಿದರು. ಎರಡು ಸಲ ಓದಿ ಪುಸ್ತಕ ಮುಚ್ಚಿದರು.

‘ಅವತ್ತ ಹೇಳಿದ್ರ ನನಗ ಹಗುರಾಗತಿತ್ರಿ’ ಎಂದರು. ‘ಈಗ ಇರ್ಲಿ ಬಿಡ್ರಿ.’ ಚಹಾ ತರಿಸಿದರು.

ಆಯಿಯ ಹತ್ತಿರ ಆ ವರ್ಷ ಐದಾರು ಸಲ ಹೋಗಿರಬೇಕು. ಒಮ್ಮೆಯೂ ಬೇಡ ಎನ್ನಲಿಲ್ಲ. ಚಾಪೆ ಹಾಸುವಳು, ರೊಟ್ಟಿ ಉಣಿಸುವಳು, ಕಚೇರಿ ಹೇಗಿದೆ ಎಂದು ಕೇಳುವಳು. ಹೊಲಕ್ಕೆ ಮಾತ್ರ ಕರೆದುಕೊಂಡು ಹೋಗುತ್ತಿರಲಿಲ್ಲ. ಕೊನೆಯ ಸಲ ನಾನೇ ಹೇಳಿದೆ, ‘ಹೆಸರು ಸಿಗಲಿಲ್ಲರಿ ಆಯಿ.’

‘ಇರ್ಲಿ ಬಿಡ್ರಿ ಬಾಯಾರ’ ಎಂದಳು. ‘ನಿಮಗೂ ದೂರಿಂದ ಬಂದು ತ್ರಾಸಾತು.’

ಸಂಕ್ರಾಂತಿ ಕಳೆದ ಮೇಲೆ ಅವಳ ಮಗ ಫೋನು ಮಾಡಿದ. ‘ಅವ್ವ ಹ್ವಾದಳ್ರಿ. ನಿನ್ನೆ ಮಣ್ಣ ಮಾಡಿದ್ವಿ. ಗಡಿಬಿಡ್ಯಾಗ ನಿಮಗ ಹೇಳಾಕ ಆಗಲಿಲ್ಲ.’ ಆಗಲಿಲ್ಲವೋ, ಬೇಡ ಅನಿಸಿತೋ, ನಾನು ಕೇಳಲಿಲ್ಲ. ಮುಂಜಾನೆಯ ಬಸ್ಸು ಹಿಡಿದು ಹೋದೆ.

ಮನೆಯಲ್ಲಿ ಸೊಸೆ ಒಬ್ಬಳೇ ಇದ್ದಳು. ನನ್ನನ್ನು ಒಳಗೆ ಕೂಡಿಸಿ ನೀರು ಕೊಟ್ಟಳು. ಅತ್ತೆ ಕೊನೆಯ ದಿನಗಳಲ್ಲಿ ಏನಾದರೂ ಹೇಳಿದಳೇ ಎಂದು ಕೇಳಿದೆ. ಏನು ಕೇಳಬೇಕೆಂದುಕೊಂಡಿದ್ದೆನೋ ನನಗೇ ಗೊತ್ತಿಲ್ಲ.

‘ಇಲ್ರಿ’ ಎಂದಳು ಅವಳು. ‘ಆ ಚಕ್ಕಿ ಒಂದ ಅರಿವ್ಯಾಗ ಕಟ್ಟಿ ಇಟಗೊಂಡಿದ್ದಳು. ಅದನ್ನ ತನ್ನ ಕೂಡ ಮಣ್ಣಾಗ ಹಾಕ್ರಿ ಅಂದಿದ್ದಳು, ಹಾಕೀವಿ. ನಿಮಗ ಒಮ್ಮಿನೂ ಬೈದಿಲ್ಲರಿ ನಮ್ಮತ್ತಿ.’ ನನ್ನ ಕೈಯಿಂದ ಲೋಟ ತೆಗೆದುಕೊಳ್ಳುತ್ತ ಹೇಳಿದಳು: ‘ಬೈದಿದ್ರ ನಿಮಗ ಚಲೋ ಆಗತಿತ್ತೇನೋ.’

ನಾನು ಅಲ್ಲೇ, ಅವಳ ಎದುರಿನಲ್ಲೇ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಅಳು ನಿಂತ ಮೇಲೆ ಮುಖ ತೊಳೆಯಲು ನೀರು ಹಾಕಿದಳು. ಬಸ್ಸಿನ ಹೊತ್ತಾಗಿತ್ತು. ಕಾಲುವೆಯ ದಂಡೆ ಹಿಡಿದು ನಡೆದರೆ ರಸ್ತೆ ಹತ್ತಿರವೆಂದು ದಾರಿ ತೋರಿಸಿದಳು. ಅಕ್ಕ ನಿಂತಿದ್ದ ಒಡ್ಡು ಇದ್ದಲ್ಲಿ ನೀರು ತುಂಬಿ ಹರಿಯುತ್ತಿತ್ತು. ಎರಡೂ ಕಡೆ ಹೊಲಗಳು ಹಸಿರಾಗಿದ್ದವು.