ಅಖ್ತರ್ ಬಾನು ತಪ್ಪಾಗಿ ಓದಿದ ವರದಿ

ಮುಳಬಾಗಿಲಿನ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಅಖ್ತರ್ ಬಾನು ಇಪ್ಪತ್ತಾರು ವರ್ಷಗಳಿಂದ ನರ್ಸ್. ಹಾಸಿಗೆ ಹೊಲಿಯುವವರ ಮಗಳು. ಮನೆಯಲ್ಲಿ ದಖ್ನಿ ಉರ್ದು, ವಾರ್ಡಿನಲ್ಲಿ ಕನ್ನಡ, ಗಡಿಯಾಚೆಯಿಂದ ಬರುವವರೊಂದಿಗೆ ತೆಲುಗು. ಡಾಕ್ಟರು ಅವಸರದಲ್ಲಿ ಹೇಳಿದ್ದನ್ನು ರೋಗಿಗೆ ಬಿಡಿಸಿ ಹೇಳುವುದು ಅವರ ಕೆಲಸವೇ ಆಗಿಹೋಗಿತ್ತು. ಸಕ್ಕರೆ, ರಕ್ತ, ಥೈರಾಯ್ಡ್, ಯಾವ ವರದಿಯನ್ನಾದರೂ ನಿಂತಲ್ಲೇ ಓದುತ್ತಿದ್ದರು.

ಹೋದ ವರ್ಷ ಫೆಬ್ರವರಿಯಲ್ಲಿ ಕುರುಡುಮಲೆ ಕಡೆಯ ಗಂಗರತ್ನಮ್ಮ ಮೊಬೈಲ್ ಹಿಡಿದುಕೊಂಡು ಬಂದರು. ಅವರ ಅಕ್ಕ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆ ಹೆದರಿಕೆಗೆ ಸೊಸೆ ರಂಜಿತ ಆನ್‌ಲೈನಿನಲ್ಲಿ ವಂಶವಾಹಿ ಪರೀಕ್ಷೆಯ ಕಿಟ್ ತರಿಸಿ, ಅತ್ತೆಯ ಎಂಜಲನ್ನು ಕೊಳವೆಗೆ ತುಂಬಿ ಕೊರಿಯರ್ ಮಾಡಿದ್ದಳು.

"ಸಿಸ್ಟರಮ್ಮ, ಇಂಗ್ಲಿಷ್ನಲ್ಲೈತೆ. ಏನು ಬರ್ದವ್ರೆ ಒಸಿ ನೋಡಿ."

ಪರದೆಯ ಮೇಲೆ ಹಸಿರು ಗುರುತು. ಪಕ್ಕದಲ್ಲಿ, ಅಪಾಯದ ಬದಲಾವಣೆ ಕಂಡುಬಂದಿಲ್ಲ ಎಂಬ ಸಾಲು. ಅಖ್ತರ್ ಬಾನು ಆಗ ಮಗುವೊಂದಕ್ಕೆ ಡ್ರಿಪ್ ಹಾಕುತ್ತಿದ್ದರು.

"ಏನೂ ಇಲ್ಲ ಅಂತ ಬಂದಿದೆ ಅಕ್ಕ. ಧೈರ್ಯವಾಗಿ ಹೋಗಿ," ಎಂದರು.

"ಅಂಗಾದ್ರೆ ಎದೇಲಿರೋ ಈ ಗಂಟೂ ಏನಲ್ಲ ಬಿಡಿ," ಎಂದು ನಗುತ್ತಾ ಗಂಗರತ್ನಮ್ಮ ಹೊರಟುಹೋದರು.

ಸೂಜಿ ಸರಿಯಾಗಿ ಕೂತ ಮೇಲೆಯೇ ಆ ಮಾತು ಅಖ್ತರ್ ಬಾನು ಅವರ ತಲೆಗೆ ಹೋದದ್ದು. ಹೊರಗೆ ಓಡಿದರೆ ಬಸ್ಸು ಹೊರಟಿತ್ತು. ಚೀಟಿ ಮಾಡಿಸಿರಲಿಲ್ಲವಾದ್ದರಿಂದ ಫೋನ್ ನಂಬರೂ ಇರಲಿಲ್ಲ.

ನೇರ ಡಾಕ್ಟರ್ ಅಮರನಾಥ್ ಬಳಿ ಹೋಗಿ ನಡೆದದ್ದನ್ನು ಹೇಳಿದರು.

"ನಾವು ಓದೋವಾಗ ಇದೆಲ್ಲ ಇರಲಿಲ್ಲ ಸಿಸ್ಟರ್. ನಂಗೂ ಅಷ್ಟಾಗಿ ಗೊತ್ತಿಲ್ಲ," ಎಂದ ಅವರು ಬೆಂಗಳೂರಿನ ಸಹಪಾಠಿಯೊಬ್ಬರಿಗೆ ಫೋನ್ ಮಾಡಿದರು. ಇಂಥ ಕಿಟ್‌ಗಳು ಬೆರಳೆಣಿಕೆಯ ಬದಲಾವಣೆಗಳನ್ನಷ್ಟೇ ಹುಡುಕುವುದುಂಟು, ಅವು ಇಲ್ಲವೆಂದರೆ ಕ್ಯಾನ್ಸರ್ ಇಲ್ಲವೆಂದಲ್ಲ, ಗಂಟಿದ್ದರೆ ಗಂಟನ್ನೇ ಪರೀಕ್ಷಿಸಬೇಕು ಎಂದರು ಆ ಸಹಪಾಠಿ.

ಮರುದಿನ ಬೆಳಿಗ್ಗೆ ಅಖ್ತರ್ ಬಾನು ರಜೆ ಹಾಕಿ, ಮನೆ ಕೇಳಿಕೊಂಡು ಹೋದರು. ಗಂಗರತ್ನಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು.

"ಅಕ್ಕ, ನಿನ್ನೆ ನಾನು ಹೇಳಿದ್ದು ತಪ್ಪು. ಆ ವರದಿ ಓದೋದು ನಂಗೆ ಗೊತ್ತಿಲ್ಲ. ಗೊತ್ತಿರೋಳ ಥರ ಹೇಳಿಬಿಟ್ಟೆ."

"ಕಂಪನಿಯೋರೇ ಏನಿಲ್ಲ ಅಂದವ್ರಲ್ಲ?"

"ಅವರು ನಿಮ್ಮ ಎಂಜಲು ನೋಡಿದಾರೆ, ಗಂಟು ನೋಡಿಲ್ಲ. ನಡೀರಿ ಹೋಗೋಣ."

ಇಷ್ಟು ವರ್ಷಗಳಲ್ಲಿ ರೋಗಿಯ ಮುಂದೆ ಗೊತ್ತಿಲ್ಲ ಎಂದದ್ದು ಅದೇ ಮೊದಲು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ ಎಂದು ಆಮೇಲೆ ಹೇಳಿಕೊಂಡರು.

ಕೋಲಾರದಲ್ಲಿ ಸ್ಕ್ಯಾನ್, ಸೂಜಿ ಪರೀಕ್ಷೆ ಆಯಿತು. ಕ್ಯಾನ್ಸರೇ. ಆದರೆ ಹರಡಿರಲಿಲ್ಲ. ಆಪರೇಷನ್ ಆಗಿ ಗಂಗರತ್ನಮ್ಮ ಚೇತರಿಸಿಕೊಂಡರು. ಆಪರೇಷನ್ ಆದ ಕಡೆಯ ಎಡಗೈ ಮಾತ್ರ ಆಗಾಗ ಊದುತ್ತದೆ.

ಈಗ ಅಂಥ ವರದಿಗಳು ತಿಂಗಳಿಗೆ ಎರಡು ಮೂರು ಬರುತ್ತವೆ. ಶ್ರೀನಿವಾಸಪುರದಿಂದಲೂ ಒಬ್ಬರು ತಂದಿದ್ದರು. ಡಾಕ್ಟರು, ನರ್ಸ್ ಇಬ್ಬರೂ ಇಂಥ ವರದಿ ಓದುವುದನ್ನು ಕಲಿಸುವ ಆನ್‌ಲೈನ್ ತರಗತಿಗೆ ಸೇರಿ, ಶನಿವಾರ ಮಧ್ಯಾಹ್ನ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾರೆ. ಅರ್ಧ ಅರ್ಥವಾಗುವುದಿಲ್ಲ ಎನ್ನುತ್ತಾರೆ ಅಮರನಾಥ್. ಅಖ್ತರ್ ಬಾನು ಅರ್ಥವಾಗದ್ದನ್ನು ಬರೆದಿಟ್ಟುಕೊಂಡು ಕೊನೆಯಲ್ಲಿ ಕಲಿಸುವವರನ್ನು ಕೇಳುತ್ತಾರೆ.