ತೂಬು ಮೇಲಿದ್ದ ನಕ್ಷೆ

ನನ್ನ ಓದು ಎರಡನೇ ಕ್ಲಾಸಿಗೇ ಮುಗಿದರೂ, ಆ ಹುಡುಗಿಯನ್ನು ನೆನೆದರೆ ಹಿಗ್ಗಿಗೆ ಕೈ ತಾನೇ ಬರೆಯುತ್ತದೆ. ಮಕ್ಕಳು ಬಯಲಿನಲ್ಲಿ ಹೇಗೆ ಕಲಿಯುತ್ತಾರೆಂದು ದೊಡ್ಡ ಪ್ರಬಂಧ ಬರೆಯಲು ಅವಳು ಮೈಸೂರಿನ ಕಾಲೇಜಿನಿಂದ ಹೆಬ್ಬಾಳದಾಚೆಯ ನಮ್ಮ ಊರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದಳು. ಪೆನ್ಸಿಲ್ಲನ್ನು ತುರುಬಿಗೆ ಸಿಕ್ಕಿಸಿ, ಚಪ್ಪಲಿ ಕಳಚಿ ಕೆರೆಯ ಏರಿ ಹತ್ತುವಳು. ಯಾರು ಏನು ಹೇಳಿದರೂ ಅವಳದು ಒಂದೇ ಮಾತು: "ತೋರ್ಸು ಬಾ."

ಒಮ್ಮೆ ನನ್ನ ಮೊಮ್ಮಗಳು ಬರೆದ ಕೆರೆಯ ನಕ್ಷೆ ನೋಡಿ ಮೇಷ್ಟರು ಆ ಹುಡುಗಿಗೆ, "ಉತ್ತರ ಮೇಲಿರ್ಬೇಕು ಕಣಮ್ಮ, ಇದೆಲ್ಲಾ ತಲೆಕೆಳಗು. ಇವಳ ತಲೆಗೆ ಹತ್ತಲ್ಲ" ಅಂದರು. ನನ್ನ ಮಗ ಅವಳನ್ನು ಸ್ಕೂಲು ಬಿಡಿಸಲು ಹೊರಟ.

"ತೋರ್ಸು ಬಾ" ಎಂದು ಆ ಹುಡುಗಿ ಮೊಮ್ಮಗಳನ್ನು ನಮ್ಮ ಜಗಲಿಗೆ ಕರೆತಂದಳು. ಮೇಷ್ಟರೂ ಬಂದರು. ಮೊಮ್ಮಗಳು ನಕ್ಷೆ ಹಿಡಿದು ನಿಂತಳು. ನೀರು ಬಿಡುವ ತೂಬು ನಮ್ಮ ಬಾಗಿಲಿಗೆ ನೇರ ಎದುರು; ನಕ್ಷೆಯಲ್ಲೂ ಅದೇ ಮೇಲೆ. ಹುಣಸೆಮರ, ಬಟ್ಟೆ ಒಗೆಯುವ ಕಲ್ಲು, ಎಲ್ಲ ತಂತಮ್ಮ ಜಾಗದಲ್ಲೇ.

ಮೇಷ್ಟರು ನಕ್ಷೆ ನೋಡಿದರು, ಕೆರೆ ನೋಡಿದರು. "ಒಂದೂ ತಪ್ಪಿಲ್ವಲ್ಲೇ! ನಾಳೆ ಬಂದ್ಬುಡು, ಉತ್ತರಕ್ಕೊಂದು ಬಾಣ ಹಾಕೋದು ಕಲಿಸ್ತೀನಿ." ನನ್ನ ಮಗ ಒಳಗಿಂದ ಅವಳ ಸ್ಕೂಲು ಚೀಲ ತಂದು ಅವಳ ಮುಂದಿಟ್ಟ.

ಆ ನಕ್ಷೆಯನ್ನು ತನ್ನ ಪ್ರಬಂಧಕ್ಕೆ ಅಂಟಿಸಲು ಹುಡುಗಿ ಕೇಳಿದಳು.

"ಯಾವ್ದು ಮೇಲೆ ಬರೋ ಹಂಗೆ ಅಂಟಿಸ್ತೀಯವ್ವ?" ಅಂದೆ.

"ನಿಮ್ ಬಾಗ್ಲಿಂದ ಕಂಡ ಹಂಗೇ, ಅಜ್ಜಿ."